ಡ್ರೈವರ್ ಮಂಜಪ್ಪನವರಿಗೆ ಹುರುಪು ತುಂಬಲು ಹೋಗಿ

ಕೆಲಸಗಾರರಲ್ಲಿ ಹುರುಪು ತುಂಬುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸಲು ನೋಡುತ್ತೇನೆ. ನಾನು ಜೀವಮಾನದಲ್ಲಿ ಒಬ್ಬರೇ ಒಬ್ಬರಿಗೆ ಶಾಸ್ತ್ರೋಕ್ತವಾಗಿ ಹುರುಪು ತುಂಬಲು ಹೋಗಿದ್ದೆ. ಅದರ ಫಲವಾಗಿ ಸಾಗರದಿಂದ ತೀರ್ಥಹಳ್ಳಿಯವರೆಗಿನ ಜನ ಆ ಮನುಷ್ಯ ತೀರಿಹೋದರೆಂದು ನಂಬಿ ಕಣ್ಣೊರೆಸಿಕೊಂಡರು.

ಮೊನ್ನೆ ಆನಂದಪುರದಲ್ಲಿ ಹೊಸದಾಗಿ ಹೋಟೆಲು ತೆರೆದಿರುವ ತಂಗಿಯ ಮಗ ಇದೇ ಪ್ರಶ್ನೆ ಹಿಡಿದುಕೊಂಡು ಮನೆಗೆ ಬಂದಿದ್ದ. "ಮಾವ, ನೀವು ಅಷ್ಟು ವರ್ಷ ಮ್ಯಾನೇಜರ್ ಆಗಿದ್ರಲ್ಲ. ಕೆಲಸದವ್ರು ಮನಸ್ಸಿಟ್ಟು ಮಾಡ್ಬೇಕಂದ್ರೆ ಎಂತ ಮಾಡ್ಬೇಕು?" ಅಂದ. ನಾನು ಅವನಮ್ಮನ ಮಂಡಿನೋವಿನ ವಿಚಾರ ತೆಗೆದೆ. ಅವನು ಹೋದ ಮೇಲೆ ಇಡೀ ಸಂಜೆ ಮಂಜಪ್ಪನವರೇ ನೆನಪಾಗುತ್ತಿದ್ದರು.

ಮ್ಯಾನೇಜರ್ ಎಂದರೆ ನೀವು ದೊಡ್ಡದಾಗಿ ಏನೂ ಊಹಿಸಿಕೊಳ್ಳಬೇಡಿ. ನಾಲ್ಕು ಬಸ್ಸುಗಳ ಸಣ್ಣ ಖಾಸಗಿ ಕಂಪನಿ ಅದು, ಈಗ ಇಲ್ಲ. ಹೊಸನಗರದ ಬಸ್ ನಿಲ್ದಾಣದ ಎದುರು ಒಂದು ಕೋಣೆ, ಒಂದು ಮೇಜು, ಒಂದು ಫೋನು, ಮತ್ತೆ ನಾನು. ಆದರೂ ಆ ದಿನಗಳ ಮೇಲೆ ನನಗೆ ಇನ್ನೂ ಆಸೆ ಹೋಗಿಲ್ಲ. ಬೆಳಿಗ್ಗೆ ಸಾಗರದಿಂದ ನಮ್ಮ ಮೊದಲ ಬಸ್ಸು ಬಂದು ನಿಂತರೆ ಊದುಬತ್ತಿ, ಡೀಸೆಲ್, ಹೊಸ ಪತ್ರಿಕೆಯ ಕಟ್ಟು, ಯಾರದೋ ಬುಟ್ಟಿಯ ಮಲ್ಲಿಗೆ ಎಲ್ಲ ಸೇರಿದ ಒಂದು ವಾಸನೆ ಆಫೀಸಿನೊಳಗೆ ಬರುತ್ತಿತ್ತು. ಅದೇ ನನ್ನ ಮಟ್ಟಿಗೆ ಬೆಳಗಾಗುವುದು.

ಆ ಬಸ್ಸಿನ ಡ್ರೈವರ್ ಮಂಜಪ್ಪ. ಮಾತು ಕಡಿಮೆ. ಗಾಜನ್ನು ಕ್ಲೀನರ್ ಒರೆಸಿದ ಮೇಲೂ ತಾವೊಮ್ಮೆ ಒರೆಸುತ್ತಿದ್ದರು. ಹನ್ನೊಂದು ವರ್ಷ ಸಾಗರ-ತೀರ್ಥಹಳ್ಳಿಯ ಒಂದೇ ಲೈನಿನಲ್ಲಿ ಓಡಿಸಿದವರು ಒಂದು ದಿನ ನನ್ನ ಮೇಜಿನ ಮೇಲೆ ಕಾಗದ ಇಟ್ಟರು. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ, ಮಂಗಳೂರಿನ ಕಡೆ ಟ್ಯಾಂಕರ್ ಓಡಿಸಲು ಹೋಗುತ್ತೇನೆ ಎಂದಿತ್ತು. ಸಂಬಳ ಸಾಲದೇ ಎಂದೆ, ಸಾಕು ಎಂದರು. ಯಾರಾದರೂ ಏನಾದರೂ ಅಂದರಾ ಎಂದೆ. "ಯಾರೂ ಎಂತದೂ ಅಂದಿಲ್ಲ ಸಾರ್. ಬಸ್ಸು ಯಾರು ಓಡಿಸಿದ್ರೂ ಓಡ್ತದೆ," ಅಂದು ಹೊರಗೆ ಹೋದರು. ಆ 'ಯಾರೂ ಎಂತದೂ ಅಂದಿಲ್ಲ' ಎಂಬುದೇ ಕಾರಣವಿರಬಹುದೆಂದು ಹೊಳೆಯುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಗ್ರಹಚಾರಕ್ಕೆ ಅದೇ ವಾರ ಮಾಲೀಕರು ನನ್ನನ್ನು ಶಿವಮೊಗ್ಗದಲ್ಲಿ ನಡೆದ ಒಂದು ದಿನದ ಶಿಬಿರಕ್ಕೆ ಕಳಿಸಿದರು. ಟೈ ಕಟ್ಟಿದ ಒಬ್ಬರು ಬೋರ್ಡಿನ ಮೇಲೆ ಮೆಟ್ಟಿಲು ಬರೆದು, ಮನುಷ್ಯನ ಬಯಕೆಗಳು ಹೀಗೆ ಒಂದೊಂದಾಗಿ ಮೇಲೇರುತ್ತವೆ ಎಂದರು. ಕೆಳಗಿನ ಮೆಟ್ಟಿಲಲ್ಲಿ ಅನ್ನ, ನಿದ್ದೆ. ಮೇಲೆ ಹೋದಂತೆ ಸ್ನೇಹ, ಗೌರವ ಇತ್ಯಾದಿ. ಮಧ್ಯಾಹ್ನ ಒಂದೂವರೆ ಗಂಟೆಯಾದರೂ ಅವರು ಮೇಲಿನ ಮೆಟ್ಟಿಲಲ್ಲೇ ಇದ್ದರು. ಇಡೀ ಸಭೆ ಆಗಲೇ ಅನ್ನದ ಮೆಟ್ಟಿಲಿಗೆ ಇಳಿದಾಗಿತ್ತು. ಆದರೂ ಒಂದು ಮಾತು ನನ್ನ ತಲೆಯಲ್ಲಿ ಕೂತಿತು. ತಿಂಗಳಿಗೊಬ್ಬ ಒಳ್ಳೆಯ ನೌಕರನನ್ನು ಆರಿಸಿ, ಅವನ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಾಕಬೇಕಂತೆ.

ಗುರುವಾರ ಸಂಜೆಯೇ ಹಾಕಿದೆ. ಮಂಜಪ್ಪನವರ ಲೈಸೆನ್ಸಿನ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗೋಡೆಯಲ್ಲಿ ಖಾಲಿಯಿದ್ದ ಒಂದೇ ಮೊಳೆಗೆ ತೂಗುಹಾಕಿದೆ. ಆ ಮೊಳೆ ಗಣಪತಿಗೂ ಮಾಲೀಕರ ಸ್ವರ್ಗಸ್ಥ ತಂದೆಯವರಿಗೂ ನಡುವೆ ಇತ್ತು. ಕೆಳಗೆ ಏನಾದರೂ ಬರೆಸಬೇಕೆಂದುಕೊಂಡು ಮರೆತೆ. ಮರುದಿನ ಶುಕ್ರವಾರ. ನಾನು ಸಾಗರಕ್ಕೆ ಹೋಗಿದ್ದೆ. ಆಫೀಸು ಗುಡಿಸುವ ಗಿರಿಜಮ್ಮ ವಾರದ ಪದ್ಧತಿಯಂತೆ ಫೋಟೋಗಳಿಗೆ ಸೇವಂತಿಗೆ ಹಾರ ಹಾಕಿದರು. ಮೂರು ಫೋಟೋ ಇರುವಾಗ ಎರಡಕ್ಕೆ ಮಾತ್ರ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಊದುಬತ್ತಿಯನ್ನೂ ಹಚ್ಚಿದರು.

ಮಂಜಪ್ಪ ಅಂದೇ ಮೂರು ದಿನ ರಜೆ ಹಾಕಿ ಮಂಗಳೂರಿಗೆ ಬಾಡಿಗೆ ಮನೆ ನೋಡಲು ಹೋಗಿದ್ದರು. ಬಸ್ಸಿನಲ್ಲಿ ಬೇರೆ ಡ್ರೈವರ್, ಆಫೀಸಿನಲ್ಲಿ ಹಾರ ಹಾಕಿದ ಫೋಟೋ. ಜನಕ್ಕೆ ಇನ್ನೇನು ಬೇಕು?

ಶನಿವಾರ ನಾನು ಬಾಗಿಲು ತೆರೆಯುವ ಮೊದಲೇ ನಾಲ್ಕು ಜನ ಕಾದಿದ್ದರು. ಬಟ್ಟೆಮಲ್ಲಪ್ಪ ಎಂಬ ಊರಿನಲ್ಲಿ ಹತ್ತುವ ಶಾಲೆಯ ಮೇಡಂ ಒಬ್ಬರು, ತಾವು ರಸ್ತೆಯ ತಿರುವಿನಲ್ಲಿ ಓಡಿಬರುವುದನ್ನು ಕನ್ನಡಿಯಲ್ಲಿ ನೋಡಿ ಮಂಜಪ್ಪ ಬಸ್ಸು ನಿಲ್ಲಿಸುತ್ತಿದ್ದರು ಎಂದು ಹೇಳಿ ಸೆರಗು ಬಾಯಿಗಿಟ್ಟುಕೊಂಡರು. ಕೋಣಂದೂರಿನ ಒಬ್ಬ ಅಜ್ಜಿ ಸಾವಿನ ಸುದ್ದಿ ಕೇಳಿ ಅದಕ್ಕೆಂದೇ ಬಸ್ಸು ಹತ್ತಿ ಬಂದಿದ್ದರು. "ಆರೇಳು ವರ್ಷದ ಹಿಂದೆ ತುಂಬು ಬಸುರಿ ಮಗಳನ್ನ ತೀರ್ಥಹಳ್ಳಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು. ಎರಡು ಬಸ್ಸು ಬಿಟ್ಟು ಇವ್ರದ್ದಕ್ಕೇ ಕಾದೆ. ಒಂದು ಗುಂಡೀಲೂ ಧಡ್ ಅನ್ನಿಸ್ಲಿಲ್ಲ ಪುಣ್ಯಾತ್ಮ," ಅಂದರು.

"ಅಯ್ಯೋ, ಅವರು ಬದುಕಿದ್ದಾರೆ ಅಮ್ಮ," ಎಂದೆ.

"ನಮ್ಮ ಮನಸ್ಸಲ್ಲಿ ಯಾವತ್ತೂ ಬದುಕಿರ್ತಾರೆ," ಎಂದು ಮೇಡಂ ನನ್ನನ್ನೇ ಸಮಾಧಾನ ಮಾಡಿದರು.

ಅವರನ್ನು ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು. ನಂಬಿದ ಮೇಲೆ ಬೈದದ್ದು ಬೇರೆ. ಬದುಕಿದ್ದವರಿಗೆ ಹಾರ ಹಾಕುವ ಮ್ಯಾನೇಜರ್ ಎಂದು ನಾನು ಊರಿನಲ್ಲಿ ಪ್ರಸಿದ್ಧನಾದೆ.

ಆದರೆ ಆಮೇಲೆ ಒಬ್ಬನೇ ಕೂತಾಗ ನನಗೆ ನಗು ಬರಲಿಲ್ಲ. ನಮ್ಮ ಸೀಮೆಯಲ್ಲಿ ಹೊಗಳುವುದೆಂದರೆ ಒಂಥರಾ ನಾಚಿಕೆ. ಮದುವೆಯಲ್ಲಿ ಎಲೆ ತುಂಬ ಬಡಿಸಿದ್ದನ್ನು ಒಂದು ಅಗುಳೂ ಬಿಡದೆ ಉಂಡು, ಅಡಿಗೆ ಹೇಗಿತ್ತೆಂದರೆ "ಅಡ್ಡಿಲ್ಲ" ಎನ್ನುವ ಜನ ನಾವು. ಅದಕ್ಕಿಂತ ದೊಡ್ಡ ಮಾತುಗಳೂ ನಮ್ಮ ಹತ್ತಿರ ಇವೆ. ಅವನ್ನು ಕೇಳಬೇಕಾದವರು ಕೇಳಲಾರದ ಹೊತ್ತಿಗೆಂದು ಜೋಪಾನ ಮಾಡಿ ಇಟ್ಟಿರುತ್ತೇವೆ.

ಸೋಮವಾರ ತಿಂಗಳ ಕೊನೆಯ ದಿನ, ಮಂಜಪ್ಪನವರ ಕೊನೆಯ ಡ್ಯೂಟಿ. ಮಂಜಪ್ಪ ಬಸ್ಸು ತಂದರು. ದಾರಿಯಲ್ಲಿ ನಿಲ್ದಾಣ ನಿಲ್ದಾಣದಲ್ಲೂ ಜನ ಅವರನ್ನು ಮುಟ್ಟಿ ನೋಡಿದರಂತೆ. ಸಂಜೆ ಕೊನೆಯ ಟ್ರಿಪ್ ಮುಗಿಸಿ ಆಫೀಸಿಗೆ ಬಂದವರೇ ಗೋಡೆ ನೋಡಿದರು. ಹಾರ ಇರಲಿಲ್ಲ, ಫೋಟೋ ಇತ್ತು.

ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಬೆಂಚಿನ ಮೇಲೆ ಕೂತರು. ನಾನು ಬಂದವರು ಯಾರು, ಏನೆಂದರು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ತಲೆ ತಗ್ಗಿಸಿ ಕೇಳಿದರು.

"ಆ ಕೋಣಂದೂರು ಅಜ್ಜಿ ಮಗಳಿಗೆ ಎಂತ ಮಗು ಸಾರ್?"

"ಹೆಣ್ಣಂತೆ. ಈಗ ಶಾಲೆಗೆ ಹೋಗ್ತಿದೆಯಂತೆ."

ಅವರು ತಲೆಯೆತ್ತಿದರು. "ಮತ್ತೆ ನೀವು ಎಂತ ಹೇಳಿದ್ರಿ ಸಾರ್?"

ನಾನೇನೂ ಹೇಳಿರಲಿಲ್ಲ. ಆ ನಾಲ್ವರ ಎದುರು ಹೇಳಿರಲಿಲ್ಲ, ಹನ್ನೊಂದು ವರ್ಷದಲ್ಲೂ ಹೇಳಿರಲಿಲ್ಲ. ತಡವಾದ ದಿನ ಏಕೆ ತಡ ಎಂದು ಕೇಳಿದ್ದೇ ಹೆಚ್ಚು. ಬಹಳ ನಾಚಿಕೆಯಾಯಿತು. ಶಿಬಿರದಲ್ಲಿ ಕಲಿತ ಯಾವ ಪದವೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟು: "ನಿಮ್ಮ ರಜೆ ದಿನ ನಾನು ಫೋನಿನ ಪಕ್ಕದಿಂದ ಏಳೋದೇ ಇಲ್ಲ ಮಂಜಪ್ಪ. ಬಸ್ಸು ತೀರ್ಥಹಳ್ಳಿ ಮುಟ್ಟಿತು ಅಂತ ಗೊತ್ತಾಗೋವರೆಗೆ ತಿಂಡಿ ಸೇರಲ್ಲ. ನೀವು ಬಂದ ದಿನ ಮನೆಗೆ ಹೋಗಿ ನಿಶ್ಚಿಂತೆಯಿಂದ ತಿಂತೀನಿ."

ಅವರು ನನ್ನನ್ನೇ ನೋಡಿದರು. ನಾನು ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಜೋಡಿಸಿದೆ. ಅವರು ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತರು.

"ನಾಳೆ ಗಾಡಿ ಎಷ್ಟೊತ್ತಿಗೆ ಸಾರ್?"

ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ಬದಲಾಗದ ಸಮಯ ಅದು. ನಾನು ಗಡಿಯಾರ ನೋಡಿ, ತುಂಬ ಯೋಚಿಸಿದವನಂತೆ, ಆರೂಕಾಲಿಗೆ ಎಂದೆ.