ಹೋರಿಗಳಿಗೆ ಹೇಳಿದ ಸಮಾಧಾನ

ಕಾಂಪೌಂಡರ ಬಲ ಮಣಿಕಟ್ಟು ಹೋರಿಯ ಒದೆತಕ್ಕೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಎಡಗೈ ಇರಬಹುದೇ ಎಂದು ಅನುಮಾನ ಬಂದಾಗಲೆಲ್ಲ, ಮುದ್ದೆಯ ತುತ್ತು ಬಾಯಿ ತಪ್ಪಿ ಮೀಸೆಗೆ ತಾಗುತ್ತಿದ್ದುದನ್ನು ನೆನೆದು ಬಲಗೈಯೇ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ. ನನ್ನ ನೆನಪನ್ನು ನಾನು ಸುಮ್ಮನೆ ನಂಬುವವನಲ್ಲ.

ತಾಂಡವಪುರದಲ್ಲಿ ಅವರು ನಮ್ಮ ಪಕ್ಕದ ಮನೆಯವರು, ನನಗೆ ಊರ ವರಸೆಯಲ್ಲಿ ಮಾವ. ತಿ. ನರಸೀಪುರದ ಕಡೆ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ನಿವೃತ್ತರಾದವರು. ಹೋರಿಗಳ ಬೀಜ ಒಡೆದು ಎತ್ತು ಮಾಡುವುದರಲ್ಲಿ ಎತ್ತಿದ ಕೈ. ಇಕ್ಕಳ ಹಾಕುವ ಮುಂಚೆ ಹೋರಿಯ ಕಿವಿಯ ಹತ್ತಿರ ಬಾಗಿ, "ಒಂದ್ ಗಳ್ಗೆ ಕಣಪ್ಪಾ. ಆಮೇಲೆ ಹೆಣ್ಣಿನ್ ಚಿಂತೆ ಇಲ್ಲ, ಗುದ್ದಾಟ ಇಲ್ಲ, ಆರಾಮ" ಎನ್ನುತ್ತಿದ್ದರು. ಸುತ್ತ ನಿಂತವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಾನು ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಇಲಿಗಳ ಮೇಲೆ ಕೆಲಸ ಮಾಡುತ್ತೇನೆ. ಮನುಷ್ಯರ ಪ್ರಾಸ್ಟೇಟ್ ಕ್ಯಾನ್ಸರಿನ ಗೆಡ್ಡೆಯನ್ನು ಗಂಡಿಲಿಯ ಮೈಯಲ್ಲಿ ಬೆಳೆಸುತ್ತೇವೆ. ವಿಕಿರಣ ಸೂಸುವ ದ್ರವವನ್ನು ಅದರ ಬಾಲದ ರಕ್ತನಾಳಕ್ಕೆ ಚುಚ್ಚಿದರೆ ಅದು ಹೋಗಿ ಗೆಡ್ಡೆಯಲ್ಲಿ ಕೂರುತ್ತದೆ. ಸ್ಕ್ಯಾನಿನಲ್ಲಿ ಆ ಜಾಗ ಹೊಳೆಯುತ್ತದೆ.

ಅದೇ ಕಾಯಿಲೆ ಕಾಂಪೌಂಡರಿಗೆ ಬಂತು. ಬೆನ್ನುಮೂಳೆಗೂ ಹಬ್ಬತೊಡಗಿತ್ತು. ಬೀಜ ತೆಗೆದರೆ ರೋಗದ ಓಟ ನಿಧಾನವಾಗುತ್ತದೆ, ಕೆಲವು ವರ್ಷ ಸಿಗಬಹುದು ಎಂದರು ವೈದ್ಯರು. ಇವರು ಒಪ್ಪದೆ ನೇರ ನಮ್ಮ ಜಗಲಿಗೆ ಬಂದರು.

"ನಿನ್ ಇಲಿ ತೋರ್ಸ್ಲಾ."

ಫೋನಿನಲ್ಲಿ ಎರಡು ಇಲಿಗಳ ಸ್ಕ್ಯಾನ್ ಚಿತ್ರ ತೋರಿಸಿದೆ. ಒಂದರಲ್ಲಿ ಗೆಡ್ಡೆ ಕೆಂಡದಂತಿತ್ತು. ಇನ್ನೊಂದರಲ್ಲಿ ಬರೀ ಮಿಣುಕು. ಅವರ ಮುಖ ಅರಳಿತು.

"ಇದ್ಕೇನ್ ಔಸ್ದಿ ಕೊಟ್ಟೆ ಅಳಿಯಾ? ಅದ್ನೇ ನಂಗೂ ಕೊಡು."

"ಔಷಧಿ ಅಲ್ಲ ಮಾವ. ಬೀಜ ತೆಗೆದ್ವಿ."

ಅವರು ಫೋನನ್ನು ಮಗುಚಿ ಇಟ್ಟರು. "ಇಷ್ಟ್ ಓದಿ ನೀನೂ ನನ್ ಕೆಲ್ಸಾನೇ ಮಾಡ್ತಿದ್ದೀಯಲ್ಲೋ" ಎಂದರು. ಹಾಗೆನ್ನುವಾಗ ನಕ್ಕರು ಎಂದು ನನ್ನ ನೆನಪು. ಆ ನಗು ನಾನೇ ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಬೀಜ ತೆಗೆಯದೆ ಇಂಜೆಕ್ಷನ್ನಿನಲ್ಲೂ ಮಾಡಬಹುದು ಎಂದೆ.

"ಇಕ್ಕಳ ಆದ್ರೇನು, ಸೂಜಿ ಆದ್ರೇನು. ಆಗೋದು ಎತ್ತೇ ತಾನೆ?"

ಆದರೂ ಕೊನೆಗೆ ಒಪ್ಪಿದರು. ಒಂದು ಬೆಳಿಗ್ಗೆ ಇಬ್ಬರೂ ಮೈಸೂರಿನ ಆಸ್ಪತ್ರೆಗೆ ಹೊರಟೆವು. ಬಸ್ಸು ನಿಲ್ಲುವ ಕಡೆ ಟೀ ಅಂಗಡಿಯಲ್ಲಿ ರೈತನೊಬ್ಬ ಕೂತಿದ್ದ. ತನ್ನ ಹೋರಿಗಳನ್ನೆಲ್ಲ ಇವರ ಕೈಯಲ್ಲೇ ಒಡೆಸಿದ್ದವನು.

"ಏನ್ ಕಾಂಪೌಂಡ್ರೇ, ನಿಮ್ಗೂ ಇಕ್ಕಳ ಆಕ್ತಾರಂತೆ? ಕಿವೀಲಿ ಸಮಾಧಾನ ಏಳೋರ್ ಯಾರು ಸಾ?"

ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು. ಕಾಂಪೌಂಡರೂ ನಕ್ಕರು, ಎಲ್ಲರಿಗಿಂತ ಜೋರಾಗಿ. ಬಸ್ಸು ಬಂತು. ಅವರು ಹತ್ತಲಿಲ್ಲ. ನಾನು ಕೈ ಹಿಡಿದು ಎಳೆದೆ. ಬಿಡಿಸಿಕೊಂಡು ಮನೆ ಕಡೆ ನಡೆದರು.

ಮಳೆಗಾಲ ಮುಗಿಯುವಷ್ಟರಲ್ಲಿ ಕಾಲುಗಳ ಸ್ವಾಧೀನ ತಪ್ಪಿತು. ಮಗ್ಗುಲು ಬದಲಿಸಿದರೆ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಆ ಕೂಗಿಗೆ ಟೀ ಅಂಗಡಿಯವರು ಯಾರೂ ನಗಲಿಲ್ಲ, ಬಂದು ನೋಡಲೂ ಇಲ್ಲ. ದೀಪಾವಳಿಗೆ ಮುಂಚೆ ತೀರಿಕೊಂಡರು.

ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದಾಗ ಅದೇ ರೈತ ಹಾರ ತಂದು ಹಾಕಿ, "ಏನೇ ಅನ್ನಿ, ಗಂಡ್ಸಾಗೇ ಓಗ್ಬುಟ್ರು ಪುಣ್ಯಾತ್ಮ" ಎಂದ. ಹಲವರು ತಲೆಯಾಡಿಸಿದರು. ತಲೆದೆಸೆಯಲ್ಲಿ ಕೂತಿದ್ದ ಅವರ ಹೆಂಡತಿ ಕತ್ತೆತ್ತಿ ಅವನನ್ನು ನೋಡಿದರು, ಆಮೇಲೆ ನನ್ನನ್ನು. ಆಗ ಅವರಂದ ಈ ಮಾತಿನಲ್ಲಿ ಒಂದಕ್ಷರವೂ ನಾನು ಸೇರಿಸಿದ್ದಲ್ಲ.

"ಅದು ಯಾರ್ಗ್ ಬೇಕಾಗಿತ್ತಪ್ಪಾ? ನನ್ನ ಒಂದ್ ಮಾತ್ ಕೇಳಿದ್ರಾ ಯಾರಾರ?"