ಬಣ್ಣದ ಪೊರೆಗಾಗಿ ಹರಿದ ರಕ್ತ

ಕೆಂಗೇರಿಯ ಕಾಲೇಜೊಂದರ ಲ್ಯಾಬಿನಲ್ಲಿ ಮುತ್ತುರಾಜ ಹದಿನಾರು ವರ್ಷದಿಂದ ಅಟೆಂಡರ್. ಪಿಯುಸಿ ಫೇಲಾದವನು; ಕೆಲಸ ಮಾತ್ರ ಬಲು ಅಚ್ಚುಕಟ್ಟು. ತಿರುಗುವ ಗಾಜಿನ ಬಿಲ್ಲೆಯ ಮೇಲೆ ಕೆಂಪು ಬಣ್ಣದ ಹನಿ ಬಿಟ್ಟು, ಕೂದಲಿಗಿಂತ ನೂರಾರು ಪಾಲು ತೆಳುವಾದ ಪೊರೆ ಹರಡುವುದು ಅವನಷ್ಟು ಚೆನ್ನಾಗಿ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆದರೆ ಒಣಗುವಾಗ ಬಣ್ಣದ ಅಣುಗಳು ಗುಂಪುಗಟ್ಟಿಬಿಡುತ್ತಿದ್ದವು. ಗುಂಪುಗಟ್ಟಿದ ಕಡೆಯೆಲ್ಲ ಪೊರೆ ಹೊಳಪು ಸತ್ತು ಮಂಕಾಗುತ್ತಿತ್ತು.

ಪಿಎಚ್‌ಡಿ ವಿದ್ಯಾರ್ಥಿ ಸಂಪತ್ ಎರಡು ವರ್ಷ ತಿಣುಕಿದರೂ ಅದು ಬಗೆಹರಿಯಲಿಲ್ಲ. ಒಂದು ದಿನ ಮುತ್ತುರಾಜ ಬಣ್ಣದ ದ್ರಾವಣಕ್ಕೆ ಬಣ್ಣವಿಲ್ಲದ ಪ್ಲಾಸ್ಟಿಕ್ ಪುಡಿ ಬೆರೆಸಿ, ಗಾಜನ್ನೂ ದ್ರಾವಣವನ್ನೂ ಬಿಸಿ ಮಾಡಿ ಹನಿ ಬಿಟ್ಟ. ಅಣುಗಳು ಒಂದುಗೂಡುವ ಮೊದಲೇ ಪೊರೆ ಒಣಗಿತು. ದೀಪದಡಿ ಇಡೀ ಬಿಲ್ಲೆ ಕೆಂಡದಂತೆ ಹೊಳೆಯಿತು.

ಅದನ್ನು ಸಂಪತ್ ತನ್ನ ಉಪಾಯವೆಂದು ಬರೆದುಕೊಂಡ. ಗೈಡ್ ಅನಘಾ ಮೇಡಂ "ಎಲ್ಲಿ, ಮಾಡಿ ತೋರ್ಸು" ಎಂದಾಗ ಏಳು ಬಿಲ್ಲೆ ಕೆಡಿಸಿದ. ಅವರು ಮುತ್ತುರಾಜನನ್ನು ಕರೆದು ಕೇಳಿದರು. ಅವನು ತಾನು ಮಾಡಿದ್ದನ್ನೆಲ್ಲ ತಾರೀಖು ಹಾಕಿ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಅವರ ಮುಂದಿಟ್ಟ.

ಮಾರನೆಯ ಮಧ್ಯಾಹ್ನ ಲ್ಯಾಬಿನಲ್ಲಿ ಮುತ್ತುರಾಜ, ಸಂಪತ್ ಇಬ್ಬರೇ ಇದ್ದರು.

"ನನ್ ಲೈಫೇ ಹಾಳ್ ಮಾಡ್ಬಿಟ್ಯಲ್ಲೋ!" ಎನ್ನುತ್ತ ಸಂಪತ್ ಸ್ಟ್ಯಾಂಡಿನ ಕಬ್ಬಿಣದ ಸರಳು ಕಿತ್ತು ಬೀಸಿದ. ಮೊದಲ ಏಟು ಬಾಯಿಗೆ ಬಿತ್ತು. ಎರಡು ಹಲ್ಲು ಉದುರಿದವು. ಎರಡನೆಯದನ್ನು ತಡೆಯಲು ಎತ್ತಿದ ಬಲಗೈಯ ಮಣಿಕಟ್ಟು ಲಟಕ್ಕೆಂದು ಮುರಿಯಿತು.

"ಬಿಡಿ ಸಾರ್, ಬಿಡಿ!"

ಸಂಪತ್ ಬಿಡದೆ ಪಕ್ಕೆಗೆ ಒದ್ದ. ಮುತ್ತುರಾಜ ಅವನ ಕಾಲು ಹಿಡಿದು ಎಳೆದು ಕೆಡವಿದ. ಸರಳು ಎಡಗೈಗೆ ಸಿಕ್ಕಿತು. ಆಮೇಲೆ ಅವನು ಅವನಾಗಿ ಉಳಿಯಲಿಲ್ಲ. ಸಂಪತ್ತನ ಹೆಗಲ ಮೂಳೆ ಮುರಿದ ಸದ್ದು ಕೇಳಿಯೂ ಇನ್ನೆರಡು ಬಾರಿಸಿದ. ಮತ್ತೆ ತಲೆಗೇ ಗುರಿಯಿಟ್ಟು ಎತ್ತಿದಾಗ ಸಂಪತ್, "ಅಣ್ಣ, ಸಾಯ್ತೀನಿ ಅಣ್ಣ!" ಎಂದು ಕಿರುಚಿದ. ಮುತ್ತುರಾಜ ಸರಳನ್ನು ಬಾಗಿಲಿಗೆಸೆದು ಅಲ್ಲೇ ಕುಸಿದ.

ಇಬ್ಬರ ಮೇಲೂ ಕೇಸಾಯಿತು. ಕಾಲೇಜು ಸಂಪತ್ತನನ್ನು ಹೊರಹಾಕಿತು, ಮುತ್ತುರಾಜನನ್ನು ಮೂರು ತಿಂಗಳು ಸಸ್ಪೆಂಡ್ ಮಾಡಿತು. ಒಂದು ದಿನ ಸಂಪತ್ತನ ತಾಯಿ ಹೇರೋಹಳ್ಳಿಯ ಮುತ್ತುರಾಜನ ಮನೆ ಹುಡುಕಿಕೊಂಡು ಬಂದರು.

"ನನ್ ಮಗಂದು ತಪ್ಪೇ ಕಣಪ್ಪ. ಕೇಸ್ ವಾಪಸ್ ತಗೋ, ನಾವೂ ತಗೋತೀವಿ."

ಮುತ್ತುರಾಜನ ಹೆಂಡತಿ ಕಲಾ ಕಾಫಿ ತಂದಿಟ್ಟಳು.

"ಇಲ್ಲಮ್ಮ. ತಲೆಗೇ ಹೊಡೀಬೇಕು ಅಂತಿದ್ದೆ ಅಂತ ಕೋರ್ಟಲ್ಲಿ ನಾನೇ ಹೇಳ್ತೀನಿ. ಅವ್ರು ಮಾಡಿದ್ದನ್ನ ಅವ್ರೂ ಹೇಳ್ಲಿ," ಎಂದ ಮುತ್ತುರಾಜ.

ಆಕೆ ಲೋಟ ಮುಟ್ಟದೆ ಎದ್ದುಹೋದರು.

ಕೇಸು ಇನ್ನೂ ನಡೆಯುತ್ತಿದೆ. ಮೇಡಂ ಪ್ರಕಟಿಸಿದ ಲೇಖನದಲ್ಲಿ ಮುತ್ತುರಾಜನ ಹೆಸರಿದೆ. ಬಲಗೈ ಸರಿಯಾಗಿ ತಿರುಗದ ಕಾರಣ ಈಗ ಎಡಗೈಯಿಂದ ಹನಿ ಬಿಡುತ್ತಾನೆ. ಆ ಕೈ ಕೆಲವು ದಿನ ನಡುಗುತ್ತದೆ. ಅಂಥ ದಿನ ಮೇಡಂಗೆ ಹೇಳಿ, ಸೀಸೆ ತೊಳೆಯುತ್ತ ಕೂರುತ್ತಾನೆ.