ಕಿವಿಯಲ್ಲಿ ಹೇಳೋ ಹೆಸರು

ಇವತ್ತು ಬೆಳಿಗ್ಗೆ ನಮ್ಮ ಮನೆಯವಳು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ್ಲು. ಒಣಮೆಣಸಿನಕಾಯಿ ಸೀದೋಗಿತ್ತು. ಅದು ನನಗೆ ಮೂಗಿಂದ ಗೊತ್ತಾಗಲ್ಲ, ಕೆಮ್ಮಿಂದ ಗೊತ್ತಾಗುತ್ತೆ. ಘಾಟು ಬಂದ್ರೆ ನೀವು ಮೂಗು ಮುಚ್ಕೋತೀರ. ನಾನು ಟವೆಲ್ ತಗೊಂಡು ಕತ್ತು ಮುಚ್ಕೋತೀನಿ.

ನಾನು ಉಸಿರಾಡೋದೇ ಕತ್ತಿಂದ. ಕೆಲವು ವರ್ಷದ ಹಿಂದೆ ನ್ಯುಮೋನಿಯಾ ಆಗಿ ಬಹಳ ದಿನ ವೆಂಟಿಲೇಟರ್‌ನಲ್ಲಿದ್ದೆ. ಆಮೇಲೆ ಉಸಿರಿನ ನಾಳ ಒಳಗೇ ಕಿರಿದಾಗ್ಬಿಡ್ತು. ಡಾಕ್ಟ್ರು ಗಂಟಲ ಕೆಳಗೆ ತೂತು ಮಾಡಿ ಒಂದು ಸಣ್ಣ ಕೊಳವೆ ಇಟ್ರು. ಮೂಗಿಗೆ ಈಗ ಕೆಲಸ ಇಲ್ಲ, ಕನ್ನಡಕ ಹೊತ್ಕೊಂಡು ಕೂತಿದೆ. ಮಾತಾಡ್ಬೇಕು ಅಂದ್ರೆ ಕೊಳವೆ ಬಾಯಿಗೆ ಬೆರಳಿಡ್ಬೇಕು. ಆಗ ಗಾಳಿ ಮೇಲಕ್ಕೆ ಹೋಗಿ ದನಿ ಬರುತ್ತೆ. ಹಿಟ್ಟಿನ ಗಿರಣಿ ಪಕ್ಕ ನಿಂತು ಯಾರೋ ಪಿಸುಗುಟ್ಟಿದ ಹಾಗೆ.

ಇದ್ರಲ್ಲೊಂದು ಫಜೀತಿ ನೋಡಿ. ಎರಡು ಕೈ ಜೋಡಿಸಿದ್ರೆ ಬಾಯಲ್ಲಿ ನಮಸ್ಕಾರ ಅನ್ನೋಕಾಗಲ್ಲ. ಬಾಯಲ್ಲಿ ಅಂದ್ರೆ ಕೈ ಜೋಡ್ಸೋಕಾಗಲ್ಲ. ಹೊಸಬರು ನನ್ನನ್ನ ಜಂಬದ ಮನುಷ್ಯ ಅಂದ್ಕೋತಾರೆ. ರಾಜಾಜಿನಗರದ ಫ್ಯಾಕ್ಟ್ರೀಲಿ ಮೆಷೀನ್ ಸದ್ದು ಮೀರಿ ಕೂಗ್ತಿದ್ದೋನು ನಾನು. "ಮನೇಲೂ ಹಂಗೇ ಕೂಗ್ತಿದ್ರಿ. ದೇವ್ರು ವಾಲ್ಯೂಮ್ ತಗ್ಗಿಸ್ದ ಬಿಡಿ" ಅಂತಾಳೆ ಇವಳು.

ಕೊಳವೆ ಹಾಕಿದ ಮುಂದಿನ ವರ್ಷ ಮಗಳಿಗೆ ಹೆಣ್ಣುಮಗು ಆಯ್ತು. ನಮ್ಮಲ್ಲಿ ನಾಮಕರಣದ ದಿನ ಮಗೂನ ತಾಯಿಯ ತಂದೆ ಎತ್ಕೊಂಡು ಕಿವೀಲಿ ಮೂರು ಸಲ ಹೆಸರು ಹೇಳ್ಬೇಕು. ಆಮೇಲೇ ಬೇರೆಯವರು ಆ ಹೆಸರು ಕೂಗೋದು.

"ಬೀಗ್ರು ಹೇಳ್ಲಮ್ಮ. ಅವ್ರದು ಮೈಕ್ ಇಲ್ದೇ ಕೇಳ್ಸೋ ದನಿ" ಅಂದೆ ಮಗಳಿಗೆ.

"ನನಗೆ ಹೆಸರಿಟ್ಟಿದ್ದು ನಮ್ಮ ತಾತ. ಇವಳಿಗೆ ಇವಳ ತಾತನೇ ಇಡ್ಬೇಕು" ಅಂದ್ಲು.

ನನಗೆ ಭಯ. ಮಧ್ಯ ಕೆಮ್ಮು ಬಂದ್ರೆ ಕಫ ಮಗೂನ ಮುಖಕ್ಕೇ ಹಾರುತ್ತೆ. ಬರ್ದೇ ಇದ್ರೂ, ಅದು ಹುಟ್ಟಿ ಮೊದಲ್ನೇ ಸಲ ತನ್ನ ಹೆಸರು ಕೇಳೋದು ಈ ಗೊರಗೊರ ದನೀಲಾ?

ಆದ್ರೂ ಪ್ರಾಕ್ಟೀಸ್ ಮಾಡ್ದೆ. ರೂಮ್ ಬಾಗಿಲು ಹಾಕ್ಕೊಂಡು, ಎಡಗೈಲಿ ದಿಂಬು ಎತ್ಕೊಂಡು, ಬಲಗೈ ಬೆರಳು ಕತ್ತಿಗಿಟ್ಟು ಹೇಳೋದು. ದಿಂಬು ಚೆನ್ನಾಗೇ ಕೇಳಿಸ್ಕೊಳ್ತು.

ನಾಮಕರಣ ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೇಲೇ. ಕೊಳವೆ ತೊಳೆದು, ಹೊಸ ಪಂಚೆ ಉಟ್ಟು ಕೂತೆ. ಮಗಳು ಮಗೂನ ತಂದು ಕೈಗಿಟ್ಲು. ಆಗ ನನಗೆ ಹೊಳೀತು: ದಿಂಬಿಗೆ ಕತ್ತಿರಲ್ಲ. ಮೂರು ತಿಂಗಳ ಮಗು, ತಲೆ ಆ ಕಡೆ ಈ ಕಡೆ ವಾಲುತ್ತೆ. ಒಂದು ಕೈಲಿ ಮೈ, ಇನ್ನೊಂದು ಕೈಲಿ ತಲೆ. ಬೆರಳಿಡೋಕೆ ಕೈನೇ ಉಳೀಲಿಲ್ಲ.

ಎಲ್ರೂ ನನ್ನನ್ನೇ ನೋಡ್ತಿದ್ರು. "ನಾನು ಹೇಳ್ಲಾ?" ಅಂತ ಬೀಗ್ರು ಎದ್ದೇಬಿಟ್ರು.

ನಮ್ಮ ಮನೆಯವಳು ಸೆರಗಲ್ಲಿ ಕೈ ಒರೆಸ್ಕೊಂಡು ಬಂದು, ನನ್ನ ಪಕ್ಕ ಕೂತು, ತನ್ನ ಬೆರಳು ನನ್ನ ಕೊಳವೆ ಬಾಯಿಗಿಟ್ಲು. ಹೆಸರು ಹೇಳ್ದೆ. ಬಂತು. ಆದ್ರೆ ಬೆರಳು ತೆಗೀಲೇ ಇಲ್ಲ ಇವಳು, ಉಸಿರು ಸಿಗ್ಲಿಲ್ಲ. ಮೊಣಕೈಯಿಂದ ತಿವಿದೆ. ಗಾಬರಿಯಾಗಿ ತೆಗೆದ್ಲು. ಆಮೇಲೆ ನನ್ನ ಎದೆ ನೋಡ್ಕೊಂಡೇ ಕೂತ್ಲು: ಏರೋವಾಗ ಬಿಡೋಳು, ಇಳಿಯೋವಾಗ ಮುಚ್ಚೋಳು. ಎರಡನೇ ಸಲ, ಮೂರನೇ ಸಲ ಸರಾಗವಾಗಿ ಬಂತು. ಮಗು ಅಳ್ಲಿಲ್ಲ. ಇವಳ ಬಳೆ ನೋಡ್ತಾ ಇತ್ತು.

"ನಮಗೇನೂ ಕೇಳ್ಸಲಿಲ್ವಲ್ಲ ಬೀಗ್ರೆ" ಅಂದ್ರು ಅವರು.

"ನಿಮಗಲ್ಲ ಅಣ್ಣ ಹೇಳಿದ್ದು, ಮಗೂಗೆ" ಅಂದ್ಲು ಇವಳು.

ಮೊಮ್ಮಗಳಿಗೆ ಈಗ ರಜ, ಬ್ಯಾಡರಹಳ್ಳಿಯಿಂದ ಬಂದಿದ್ದಾಳೆ. ದೊಡ್ಡೋನಾದ್ಮೇಲೆ ಓದು ಕಲ್ತೋನು ನಾನು, ಇದನ್ನ ಫೋನಲ್ಲಿ ಟೈಪ್ ಮಾಡೋದು ನಿಧಾನ. ಅವಳು ಅಷ್ಟರಲ್ಲಿ ಬಂದು ಬಗ್ಗಿ ನೋಡಿದ್ಲು. ಇಷ್ಟೂ ಓದಿ ಹೇಳ್ದೆ.

"ಇದ್ರಲ್ಲಿ ನನ್ನ ಹೆಸರೇ ಇಲ್ವಲ್ಲ ತಾತ?"

"ಬರೆಯಲ್ಲ ಕಣೇ. ಹೋಗು, ಗೇಟ್ ಹತ್ರ ನಿಂತ್ಕೋ."

ಓಡಿದ್ಲು. ಬೀದೀಲಿ ಆಟೋ ಸದ್ದು, ಎದುರು ಮನೇಲಿ ಡ್ರಿಲ್ಲಿಂಗ್. ಕೊಳವೆ ಹಾಕಿದ್ಮೇಲೆ ನಾನು ಯಾರನ್ನೂ ದೂರದಿಂದ ಕರ್ದಿರಲಿಲ್ಲ, ಕೇಳ್ಸಲ್ಲ ಅಂತ. ಕತ್ತಿಗೆ ಬೆರಳಿಟ್ಟು, ಇದ್ದ ಉಸಿರೆಲ್ಲ ಹಾಕಿ ಅವಳ ಹೆಸರು ಕೂಗ್ದೆ.

"ಏನ್ ತಾತ!" ಅಂದ್ಲು.